ನಮ್ಮ ಪಿಜಿಗಳ ಹೊಲಿಗೆಗೆ ಅಂಕ ಕೊಟ್ಟವರು ಡಾಕ್ಟರುಗಳಲ್ಲ

ಲ್ಯಾಪರೋಸ್ಕೋಪಿ (ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ) ಕಲಿಯುವ ಪಿಜಿಗಳ, ಅಂದರೆ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳ, ಕೈಕೆಲಸಕ್ಕೆ ಅಂಕ ಕೊಡುವುದು ಕಷ್ಟ. ಸೀನಿಯರ್ ಸರ್ಜನ್‌ಗಳಿಗೆ ಕೂತು ವಿಡಿಯೊ ನೋಡಲು ಪುರುಸೊತ್ತು ಸಿಗುವುದಿಲ್ಲ. ಸಿಕ್ಕರೂ, ಇದು ಯಾರ ಕೈ ಅಂತ ನಮಗೆ ಗೊತ್ತಾಗಿಬಿಡುತ್ತದೆ. ವಾರ್ಡಿನಲ್ಲಿ ಚುರುಕಾಗಿರುವವರಿಗೆ ಒಂದು ಅಂಕ ಜಾಸ್ತಿಯೇ ಬೀಳುತ್ತದೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರ 2014ರ ಅಧ್ಯಯನ ಓದಿದ ಮೇಲೆ, ಹೊರಗಿನ ಜನರಿಂದಲೇ ಅಂಕ ಹಾಕಿಸಬಹುದು ಅನ್ನಿಸಿತು. ರೋಬೋಟ್‌ನಲ್ಲಿ ಹೊಲಿಗೆ ಹಾಕುವ ವಿಡಿಯೊವನ್ನು ಅವರು ಅಮೆಜಾನ್ ಮೆಕ್ಯಾನಿಕಲ್ ಟರ್ಕ್‌ನ (ದುಡ್ಡು ಕೊಟ್ಟು ಜನರಿಂದ ಸಣ್ಣಪುಟ್ಟ ಕೆಲಸ ಮಾಡಿಸುವ ಆನ್‌ಲೈನ್ ತಾಣ) ಸಾಮಾನ್ಯ ಜನರಿಗೆ ತೋರಿಸಿದ್ದರು. 24 ಗಂಟೆಯಲ್ಲಿ 500 ಜನ ಅಂಕ ಕೊಟ್ಟರು. ಬೆರಳೆಣಿಕೆಯ ಸರ್ಜನ್‌ಗಳಿಂದ ಅಂಕ ಬರಲು 24 ದಿನ ಹಿಡಿಯಿತು. ಸರಾಸರಿ ಮಾತ್ರ ಹೆಚ್ಚುಕಮ್ಮಿ ಒಂದೇ!

ನಾವು ರೋಗಿಗಳ ವಿಡಿಯೊ ಮುಟ್ಟಲಿಲ್ಲ. ಬಾಕ್ಸ್ ಟ್ರೈನರ್ ಅನ್ನುವ ಅಭ್ಯಾಸದ ಪೆಟ್ಟಿಗೆಯಲ್ಲಿ ಹೊಲಿಗೆ ಹಾಕಿ ಒಳಗೇ ಗಂಟು ಬಿಗಿಯುವ ಕೆಲಸ ಅಷ್ಟೇ. ಧ್ವನಿ ತೆಗೆದೆವು. ಕ್ಯಾಮೆರಾ ಹೊರಗೆ ಬಂದಾಗ ಮುಖ ಕಾಣುವ ತುಣುಕುಗಳನ್ನೂ ಕತ್ತರಿಸಿದೆವು. ಅಂಕ ಕೊಟ್ಟವರು ಇಂಜಿನಿಯರಿಂಗ್ ಹುಡುಗರು, ನರ್ಸಿಂಗ್ ವಿದ್ಯಾರ್ಥಿಗಳು, ಅವರ ಮನೆಯವರು. ಕೇಳಿದ್ದು ಮೂರೇ ಪ್ರಶ್ನೆ, ಒಂದೊಂದಕ್ಕೂ 1ರಿಂದ 5. ಎರಡೂ ಕೈ ಕೂಡಿ ಕೆಲಸ ಮಾಡುತ್ತಿವೆಯಾ? ಸೂಜಿ ನೇರವಾಗಿ ಜಾಗಕ್ಕೆ ಹೋಗುತ್ತಿದೆಯಾ, ತಡಕಾಡುತ್ತಿದೆಯಾ? ಸುಮ್ನೆ ಓಡಾಟ ಎಷ್ಟು? ನೋಡದೇ ಒತ್ತುವವರನ್ನು ಹಿಡಿಯಲು ನಡುವೆ ಒಂದು ಪ್ರಶ್ನೆಗೆ 'ಇದಕ್ಕೆ ಉತ್ತರ ಕೊಡಬೇಡಿ' ಅಂತ ಬರೆದಿದ್ದೆವು. ಅದಕ್ಕೂ ಉತ್ತರ ಕೊಟ್ಟವರ ಅಂಕ ಪಕ್ಕಕ್ಕಿಟ್ಟೆವು.

ಒಬ್ಬ ಪಿಜಿಯ ವಿಡಿಯೊ ಬಗ್ಗೆ ಹೇಳಲೇಬೇಕು. ಗಂಟು ಚೆನ್ನಾಗಿ ಬಿದ್ದಿತ್ತು, ಸಮಯವೂ ಕಡಿಮೆ. ನಾವು ಸರ್ಜನ್‌ಗಳು ಒಳ್ಳೆಯ ಅಂಕ ಕೊಟ್ಟೆವು. ಹೊರಗಿನವರು ಮೊದಲ ಪ್ರಶ್ನೆಗೆ ಸಾಲಾಗಿ 2 ಕೊಟ್ಟಿದ್ದರು. ಮತ್ತೆ ಹಾಕಿ ನೋಡಿದೆ. ಬಲಗೈ ಸೂಜಿ ತಿರುಗಿಸುವಷ್ಟು ಹೊತ್ತೂ ಎಡಗೈಯ ಗ್ರಾಸ್ಪರ್ (ಹಿಡಿಯುವ ಇಕ್ಕಳ) ಪರದೆಯ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ದಾರ ಹಿಡಿದು ಸುತ್ತು ಹಾಕುವಾಗ ಮಾತ್ರ ಒಳಗೆ ಬರುತ್ತಿತ್ತು. ನಾವು ಗಂಟು ನೋಡಿದ್ದೆವು, ಅವರು ಕೈ ನೋಡಿದ್ದರು. ಆ ಹುಡುಗನಿಗೆ ಅದೇ ವಾರ ಎಡಗೈಗೆ ಬೇರೆ ಅಭ್ಯಾಸ ಕೊಟ್ಟೆವು.

ಹಾಗಂತ ಜನರು ಎಲ್ಲವನ್ನೂ ಹೇಳಲಾರರು. ಎಲ್ಲಿ ಕತ್ತರಿಸಬೇಕು, ಯಾವಾಗ ನಿಲ್ಲಿಸಿ ಸೀನಿಯರ್‌ನ ಕರೆಯಬೇಕು ಅನ್ನುವುದು ಅವರಿಗೆ ಕಾಣುವುದಿಲ್ಲ. ಪಿತ್ತಕೋಶ ತೆಗೆಯುವಾಗ ಅಪಾಯ ಇರುವುದೇ ಅಂಥ ತೀರ್ಮಾನಗಳಲ್ಲಿ, ಅಲ್ವಾ? ಅದಕ್ಕೇ ಈ ಅಂಕಗಳನ್ನು ಪಾಸು-ಫೇಲಿಗೆ ಬಳಸಲು ನಾನು ಒಪ್ಪಿಲ್ಲ. ಅಂಕಗಳು ಚೆಲ್ಲಾಪಿಲ್ಲಿಯಾಗಿ ಬಂದ ವಿಡಿಯೊಗಳನ್ನು ಮಾತ್ರ ಆರಿಸಿ, ಆಯಾ ಪಿಜಿಯ ಜೊತೆ ಕೂತು ನೋಡುತ್ತೇನೆ. ಎಲ್ಲವನ್ನೂ ನೋಡುವಷ್ಟು ಸಮಯ ನನಗಿಲ್ಲ, ಇಷ್ಟಕ್ಕೆ ಇದೆ.