ಸುಟ್ಟದ್ದು ಎಷ್ಟು ಗಂಟೆಗೆ?

ಹುಬ್ಬಳ್ಳಿಯಲ್ಲಿ ಬರ್ನ್ಸ್ ವಾರ್ಡ್ ಸ್ಟಾಫ್ ನರ್ಸ್ ಆಗಿ ನನಗೆ ಹದಿನಾಲ್ಕು ವರ್ಷ. ಗದಗ, ರೋಣ, ಮುಂಡರಗಿ, ಶಿಗ್ಗಾವಿ, ಹಾವೇರಿ ಎಲ್ಲ ಕಡೆಯಿಂದ ಪೇಷಂಟ್ ಬರುತ್ತಾರೆ. ಹೆಸರು, ಊರು ಎಲ್ಲ ಆಮೇಲೆ. ಸ್ಟ್ರೆಚರ್ ಒಳಗೆ ಬರುತ್ತಿದ್ದ ಹಾಗೇ ನಾನು ಕೇಳೋದು ಒಂದೇ: "ಎಷ್ಟ ಗಂಟೆಕ್ಕ ಸುಟ್ಟಿದ್ದು?"

ಉತ್ತರ ಗಡಿಯಾರದ ಲೆಕ್ಕದಲ್ಲಿ ಬರೋದು ಅಪರೂಪ. "ಎಮ್ಮಿ ಹಿಂಡೂ ಹೊತ್ತಿಗ್ರೀ." "ದೀಪಾ ಹಚ್ಚೂ ಮುಂದ." "ಕಡೀ ಬಸ್ಸು ಹೋಗಿತ್ರೀ, ಅದಾದ ಮ್ಯಾಲೆ."

ಮೊದಮೊದಲು ನಾನೂ ಇದನ್ನ ಅಷ್ಟು ತಲೆಗೆ ಹಾಕಿಕೊಂಡಿರಲಿಲ್ಲ. ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಬ್ಬ ಹೆಣ್ಣುಮಗಳು ರಾತ್ರಿ 11ಕ್ಕೆ ಬಂದಳು. ಸೀಮೆಎಣ್ಣೆ ಸ್ಟೋವ್, ಸೆರಗಿಗೆ ಬೆಂಕಿ. ತೂಕ ಸುಮಾರು 50 ಕಿಲೋ, ಸುಟ್ಟದ್ದು ಮೈಯ 40 ಪರ್ಸೆಂಟ್. ಕೇಸ್ ಶೀಟ್ ಮೇಲೆ ನಾನು 11 ಗಂಟೆ ಅಂತ ಬರೆದೆ, ಡ್ಯೂಟಿ ಡಾಕ್ಟರ್ ಅದನ್ನೇ ಹಿಡಿದು ಗಂಟೆಗೆ 500 ಮಿ.ಲೀ. ರಿಂಗರ್ ಲ್ಯಾಕ್ಟೇಟ್, ಅಂದರೆ ಡ್ರಿಪ್‌ನಲ್ಲಿ ಹಾಕೋ ಉಪ್ಪುನೀರಿನಂಥ ದ್ರಾವಣ, ಬರೆದರು. ರಾತ್ರಿ 2ಕ್ಕೆ ದೊಡ್ಡ ಡಾಕ್ಟರ್ ಬಂದು ಯೂರಿನ್ ಬ್ಯಾಗ್ ನೋಡಿದರೆ ಎರಡು ಚಮಚದಷ್ಟಿದೆ, ಕಡು ಡಿಕಾಕ್ಷನ್ ಬಣ್ಣ. ಸುಟ್ಟದ್ದು ಯಾವಾಗ ಅಂತ ಕೇಳಿದರೆ ನಾವೆಲ್ಲ ಮುಖ ಮುಖ ನೋಡಿದೆವು. ಕೊನೆಗೆ ಆಕೆಯೇ ಹೇಳಿದಳು, "ಆರಕ್ರೀ, ರೊಟ್ಟಿ ಬಡಿಯಾಕ್ಹತ್ತಿದ್ದೆ."

ಸುಟ್ಟವರಿಗೆ ಮೊದಲ 24 ಗಂಟೆಯಲ್ಲಿ ಎಷ್ಟು ಡ್ರಿಪ್ ಬೇಕು ಅನ್ನೋ ಲೆಕ್ಕ ಹೀಗಿದೆ. ತೂಕ, ಸುಟ್ಟ ಪರ್ಸೆಂಟ್, ಅದಕ್ಕೆ 4 ಮಿ.ಲೀ. ಗುಣಿಸಿ. ಆಕೆಯ ಲೆಕ್ಕ 8 ಲೀಟರ್ ಬಂತು. ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲಿ, ಉಳಿದ ಅರ್ಧ ಮುಂದಿನ 16 ಗಂಟೆಯಲ್ಲಿ. ಆ 8 ಗಂಟೆ ಶುರುವಾಗೋದು ಬೆಂಕಿ ತಗುಲಿದ ಗಳಿಗೆಯಿಂದ. ಆಸ್ಪತ್ರೆ ಬಾಗಿಲಿಂದ ಅಲ್ಲ! 2 ಗಂಟೆಗೆ ಆಕೆಯ ಮೈಯಲ್ಲಿ 4 ಲೀಟರ್ ಇರಬೇಕಿತ್ತು, ಹೋಗಿದ್ದು ಒಂದೂವರೆ. ದಾರಿಯಲ್ಲಿ ಒಂದು ಬಾಟ್ಲಿಯನ್ನೂ ಹಾಕಿರಲಿಲ್ಲ. ಆಕೆ ಉಳಿದಳು ನಿಜ, ಆದರೆ ಕಿಡ್ನಿ ಹತ್ತು ದಿನ ಸತಾಯಿಸಿತು. ಟೈಮ್ ಬರೆದವಳು ನಾನೇ ಅಲ್ವಾ, ಮನಸ್ಸಿಂದ ಹೋಗಲಿಲ್ಲ.

ಇಷ್ಟೊಂದು ನೀರು ಹೋಗೋದಾದರೂ ಎಲ್ಲಿಗೆ ಅಂತ ಆಮೇಲೆ ಓದಿಕೊಂಡೆ. 1921ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ರಿಯಾಲ್ಟೊ ಥಿಯೇಟರ್‌ಗೆ ಬೆಂಕಿ ಬಿದ್ದಾಗ ಯೇಲ್ ವಿಶ್ವವಿದ್ಯಾಲಯದ ಫ್ರಾಂಕ್ ಅಂಡರ್‌ಹಿಲ್ ಗಾಯಾಳುಗಳ ಬೊಬ್ಬೆಯೊಳಗಿನ ನೀರು ಪರೀಕ್ಷೆ ಮಾಡಿದರಂತೆ. ಅದು ಹೆಚ್ಚುಕಮ್ಮಿ ರಕ್ತದ ಪ್ಲಾಸ್ಮಾನೇ. ಅಂದರೆ ಸುಟ್ಟವರ ರಕ್ತನಾಳ ಜಾಲರಿ ಆಗಿ, ರಕ್ತದ ನೀರು ಮೈಯೊಳಗೇ ಸೋರಿ ಹೋಗುತ್ತೆ. ಮುಖ ಊದಿ ಕಣ್ಣು ಮುಚ್ಚುತ್ತೆ, ಒಳಗೆ ಮಾತ್ರ ಬರಗಾಲ. 4 ಮಿ.ಲೀ. ಲೆಕ್ಕ ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಚಾರ್ಲ್ಸ್ ಬ್ಯಾಕ್ಸ್ಟರ್ 1968ರಲ್ಲಿ ಕೊಟ್ಟದ್ದು. ಈಗ ದೊಡ್ಡವರಿಗೆ 2 ಮಿ.ಲೀ.ನಿಂದ ಶುರು ಮಾಡುವವರೂ ಇದ್ದಾರೆ, ಯಾಕಂದರೆ ಜಾಸ್ತಿ ಸುರಿದರೂ ಶ್ವಾಸಕೋಶಕ್ಕೆ, ಹೊಟ್ಟೆಗೆ ನೀರು ತುಂಬಿ ಬೇರೆ ಫಜೀತಿ. ಫಾರ್ಮುಲಾ ಶುರು ಮಾಡೋಕೆ ಅಷ್ಟೇ. ಆಮೇಲೆ ಯೂರಿನ್ ಬ್ಯಾಗ್ ಹೇಳಿದಂತೆ ಕೇಳಬೇಕು. ದೊಡ್ಡವರಿಗೆ ಗಂಟೆಗೆ 30ರಿಂದ 50 ಮಿ.ಲೀ. ಬಂದರೆ ಸರಿ, ಕಡಿಮೆ ಆದರೆ ಡ್ರಿಪ್ ಏರಿಸೋದು, ಜಾಸ್ತಿ ಆದರೆ ಇಳಿಸೋದು.

ಆ ರಾತ್ರಿಯ ನಂತರ ನಾನು ನನ್ನದೇ ಪದ್ಧತಿ ಮಾಡಿಕೊಂಡೆ. ಮೊದಲು ಪೇಷಂಟ್‌ನ್ನೇ ಕೇಳ್ತೀನಿ. ಎಷ್ಟೇ ಸುಟ್ಟಿರಲಿ, ಮೊದಲ ಕೆಲವು ಗಂಟೆ ಬಹಳ ಜನ ಸ್ವಚ್ಛ ಮಾತಾಡ್ತಾರೆ. ಮಂದಿ ಅದನ್ನೇ ನೋಡಿ "ಆರಾಮ ಅದಾಳ್ರೀ" ಅಂತ ಸಮಾಧಾನ ಮಾಡಿಕೊಳ್ಳೋದು. ಆಳವಾಗಿ ಸುಟ್ಟ ಕಡೆ ನರವೂ ಸುಟ್ಟಿರುತ್ತೆ, ಅಲ್ಲಿ ನೋವೇ ಗೊತ್ತಾಗಲ್ಲ. ಹೆಣ್ಣುಮಕ್ಕಳನ್ನ ಕೇಳುವಾಗ ಗಂಡನ ಮನೆಯವರನ್ನ ಹೊರಗೆ ಕಳಿಸ್ತೀನಿ. ಅವರೆದುರು ಸ್ಟೋವ್ ಎಂಟಕ್ಕೆ ಸಿಡಿದಿರುತ್ತೆ, ಒಬ್ಬಳೇ ಇದ್ದಾಗ ಐದಕ್ಕೆ.

ಆಮೇಲೆ ಮೊಬೈಲ್. "ಮೊದ್ಲ ಫೋನ್ ಯಾರಿಗೆ ಮಾಡಿದ್ರಿ? ತೋರಸ್ರೀ." 108ಕ್ಕೋ, ತವರಿಗೋ ಹೋದ ಆ ಮೊದಲ ಕಾಲ್‌ನ ಟೈಮ್ ಅಲ್ಲೇ ಇರುತ್ತೆ, ಎಮ್ಮೆ ಹಿಂಡೋ ಹೊತ್ತು ಒಮ್ಮೆಲೇ 6:20 ಆಗಿಬಿಡುತ್ತೆ. ಅದನ್ನ ಕೇಸ್ ಶೀಟ್ ತಲೆಯ ಮೇಲೆ ಕೆಂಪು ಪೆನ್ನಲ್ಲಿ ಬರೀತೀನಿ.

ತೂಕ ಇನ್ನೊಂದು ಗೋಳು. ನಿಲ್ಲಲಾಗದವರನ್ನ ತೂಗೋದು ಹೇಗೆ? ಅದೇ ಮೈಕಟ್ಟಿನ ಅಕ್ಕನೋ ತಮ್ಮನೋ ಇದ್ದರೆ ಅವರನ್ನ ಕಾಟಾ ಮೇಲೆ ನಿಲ್ಲಿಸ್ತೀನಿ. ಪರ್ಸೆಂಟ್‌ಗೆ ಪೇಷಂಟ್‌ನ ಅಂಗೈ, ಬೆರಳು ಸೇರಿಸಿ ಒಂದು ಪರ್ಸೆಂಟ್. ಬರೀ ಕೆಂಪಾದ ಜಾಗ ಲೆಕ್ಕಕ್ಕಿಲ್ಲ. ಆದರೆ ಅರಿಶಿಣ, ಟೂತ್‌ಪೇಸ್ಟ್ ಮೆತ್ತಿಕೊಂಡು ಬಂದರೆ ಯಾವುದು ಬರೀ ಕೆಂಪು, ಯಾವುದು ಆಳವಾಗಿ ಸುಟ್ಟು ಬಿಳಿಯಾದದ್ದು ಅಂತ ನೋಡೋದು ಹೇಗೆ ಹೇಳಿ? ತೊಳೆಯೋದರಲ್ಲೇ ಅರ್ಧ ಗಂಟೆ ಹೋಗುತ್ತೆ. ಸುಟ್ಟ ಕೂಡಲೇ 20 ನಿಮಿಷ ನಲ್ಲಿ ನೀರು ಬಿಟ್ಟಿದ್ದರೆ ಸಾಕಿತ್ತು.

ತಾಲೂಕು ಆಸ್ಪತ್ರೆಯ ಚೀಟಿಯಲ್ಲಿ "ಡ್ರಿಪ್ ಹಾಕಿದೆ" ಅಂತಷ್ಟೇ ಇರೋದೂ ಉಂಟು, ಎಷ್ಟು ಅಂತ ಇರಲ್ಲ. ಹಾಗಾಗಿ ಆಂಬುಲೆನ್ಸ್ ಹುಡುಗರಿಗೆ ಸಿಕ್ಕಾಗೆಲ್ಲ ಹೇಳ್ತೀನಿ, ಖಾಲಿ ಬಾಟ್ಲಿ ಬಿಸಾಕಬೇಡ್ರಪ್ಪಾ ಅಂತ.

ಹೋದ ಮಳೆಗಾಲ ಶಿರಹಟ್ಟಿ ಕಡೆಯ ಒಬ್ಬ ಹುಡುಗ ಅಣ್ಣನನ್ನ ಕರೆತಂದ. 60 ಕಿಲೋ, 30 ಪರ್ಸೆಂಟ್. ಮೊಬೈಲ್‌ನಲ್ಲಿ ಮೊದಲ ಕಾಲ್ 7:42. "ಫೋನ್ ಮಾಡೂಕಿಂತ ಮೊದ್ಲ ಬೆಂಕಿ ಆರ್ಸಿದ್ವಿ" ಅಂದ, 7:30 ಅಂತ ಹಿಡಿದೆ. ಬಂದಾಗ 11:30. ಕೈಚೀಲದಲ್ಲಿ ಅರ್ಧ ಲೀಟರಿನ ಮೂರು ಖಾಲಿ ಬಾಟ್ಲಿ. "ಇನ್ನೊಂದ್ ಇತ್ರೀ, ದಾರ್ಯಾಗ ಒಗದ್ವಿ." ಅಂದರೆ 2 ಲೀಟರ್ ಹೋಗಿದೆ. 3:30ರೊಳಗೆ ಮೊದಲ ಅರ್ಧ, 3,600 ಮಿ.ಲೀ. ಹೋಗಬೇಕು, ಬಾಕಿ 1,600, ಗಂಟೆಗೆ 400. ಡಾಕ್ಟರ್ ಅದನ್ನೇ ಬರೆದರು. 12:30ಕ್ಕೆ ಬ್ಯಾಗ್ ಎತ್ತಿ ನೋಡಿದೆ, 40 ಮಿ.ಲೀ., ತಿಳಿ ಹಳದಿ.

ಬಾಗಿಲ ಹತ್ತಿರ ನಿಂತಿದ್ದ ತಮ್ಮ ಮೆಲ್ಲಗೆ ಕೇಳಿದ, "ಸಿಸ್ಟರ, ಆ ಒಗದ ಬಾಟ್ಲಿ ಹುಡುಕ್ಕೊಂಡ ಬರ್ಲೇನ್ರೀ?"