ಅಂಚೆ ಡಬ್ಬಿಯೊಳಗಿನ ಕ್ಯಾಮೆರಾ: ನೀರಿನ ಮೀಟರ್ ಕಳ್ಳರು ಸಿಕ್ಕಿದ ಬಗೆ

ನಮ್ಮ ಬಡಾವಣೆಯಲ್ಲಿ ಕಳುವಾಗುತ್ತಿದ್ದದ್ದು ನೀರಿನ ಮೀಟರ್‌ಗಳು. ಮೈಸೂರಿನ ನಮ್ಮ ಬೀದಿಯ ಬಹುಪಾಲು ಮನೆಗಳಿಗೆ ಮೀಟರ್ ಇರುವುದು ಗೇಟಿನ ಹೊರಗೆ, ಕಾಂಪೌಂಡಿಗೆ ಆತುಕೊಂಡ ಸಣ್ಣ ಗುಂಡಿಯಲ್ಲಿ. ಮೇಲೊಂದು ಕಲ್ಲು ಮುಚ್ಚಿರುತ್ತಾರೆ. ಮೀಟರಿನ ಮೈ ಹಿತ್ತಾಳೆ. ರಿಂಚು ಹಾಕಿ ಎರಡು ನಟ್ಟು ಬಿಚ್ಚಿದರೆ ಕೈಗೆ ಬರುತ್ತದೆ, ಗುಜರಿ ಅಂಗಡಿಯಲ್ಲಿ ತೂಕಕ್ಕೆ ಹೋಗುತ್ತದೆ. ಕಳ್ಳನಿಗೆ ಸಿಗುವುದು ಕೆಲವು ನೂರು ರೂಪಾಯಿ. ಮನೆಯವರಿಗೆ ಬೆಳಗಿನ ನೀರು ಬೀದಿಪಾಲು, ಹೊಸ ಮೀಟರಿನ ಖರ್ಚು, ಕಚೇರಿಗೆ ಅಲೆದಾಟ. ಮೀಟರಿನ ಜೊತೆಗೆ ಹಿತ್ತಾಳೆ ನಲ್ಲಿಗಳು, ಸಂಪಿನ ಮೋಟರ್ ವೈರು ಕೂಡ ಹೋದವು.

ಬಡಾವಣೆಯ ಸಭೆಯಲ್ಲಿ ಮಾತು ಪೇಪರ್ ಹುಡುಗನ ಕಡೆಗೆ ತಿರುಗಿತು. ನಸುಕಿನಲ್ಲಿ ಎಲ್ಲ ಗೇಟಿನ ಮುಂದೆ ನಿಲ್ಲುವವನು ಅವನೊಬ್ಬನೇ, ಇನ್ಯಾರಿರುತ್ತಾರೆ ಎಂದು ಒಬ್ಬರು ಅಂದರು, ನಾಲ್ಕಾರು ಜನ ತಲೆಯಾಡಿಸಿದರು. ಪಿಯುಸಿ ಓದುತ್ತಾ ಪೇಪರ್ ಹಾಕುವ ಹುಡುಗ ಅವನು. ಆಧಾರವಿಲ್ಲದೆ ಅವನ ಹೆಸರು ಕೆಡುವುದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವನು ನಾನು. ಕ್ಯಾಮೆರಾ ಇಡುವ ಕೆಲಸ ನನಗೆ ಬಿಡಿ ಎಂದೆ.

ಬೀದಿಯಲ್ಲಿ ಆಗಲೇ ಕ್ಯಾಮೆರಾಗಳಿದ್ದವು. ಮೊದಲ ಮಹಡಿಯ ಸಜ್ಜೆಯ ಕೆಳಗೆ, ಹತ್ತು ಹನ್ನೆರಡು ಅಡಿ ಎತ್ತರದಲ್ಲಿ, ಬಿಳಿ ಬುಲೆಟ್ ಕ್ಯಾಮೆರಾಗಳು. ಅವುಗಳ ರೆಕಾರ್ಡಿಂಗ್ ತೆಗೆದು ನೋಡಿದೆವು. ಗುಂಡಿಯ ಹತ್ತಿರ ಯಾರೋ ಕೂತಿರುವುದು ಕಾಣುತ್ತದೆ. ಆದರೆ ಕಾಣುವುದು ಟೋಪಿಯ ನೆತ್ತಿ, ಬೆನ್ನು, ಅಷ್ಟೇ. ಬರುವವನಿಗೆ ಕ್ಯಾಮೆರಾ ಎಲ್ಲಿದೆ ಎಂದು ಗೊತ್ತು, ಅದಕ್ಕೆ ಬೆನ್ನು ಕೊಟ್ಟೇ ಕೂರುತ್ತಾನೆ. ಠಾಣೆಯಲ್ಲಿ ಎಸ್‌ಐ ಅದನ್ನು ನೋಡಿ, "ಸರ್, ಇದ್ರಲ್ಲಿ ಯಾರನ್ನ ಅಂತ ಗುರುತು ಹಿಡೀಲಿ?" ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ನಮಗೆ ಬೇಕಿದ್ದದ್ದು ಒಂದು ಮುಖ, ಎದುರಿನಿಂದ, ಕಣ್ಣಿನ ಮಟ್ಟದಲ್ಲಿ. ಹಾಗೆ ಸಿಗಬೇಕಾದರೆ ಕ್ಯಾಮೆರಾ ಕೆಳಗಿಳಿಯಬೇಕು. ಕೆಳಗಿಳಿದ ಕ್ಯಾಮೆರಾ ಕಣ್ಣಿಗೆ ಬಿದ್ದರೆ ಕಳ್ಳ ಅದನ್ನೇ ಕಿತ್ತುಕೊಂಡು ಹೋಗುತ್ತಾನೆ. ಹಾಗಾಗಿ ಅದು ಬಚ್ಚಿಟ್ಟುಕೊಳ್ಳಲೇಬೇಕು.

ಮೂಲೆಯ ಮನೆಯ ಗೇಟಿನ ಕಂಬದಲ್ಲಿ ಕಬ್ಬಿಣದ ಅಂಚೆ ಡಬ್ಬಿ ಇದೆ. ಕಾಗದ ಹಾಕುವ ಸೀಳಿನ ಕೆಳಗೆ ಒಂದು ತೂತು ಕೊರೆದು, ಒಳಗೆ ಬರೀ ಸರ್ಕ್ಯೂಟ್ ಬೋರ್ಡಿನಷ್ಟೇ ಗಾತ್ರದ, ನೆಟ್‌ವರ್ಕ್ ಮೂಲಕ ಫೋನಿನಲ್ಲೂ ನೋಡಬಹುದಾದ ಐಪಿ ಕ್ಯಾಮೆರಾ ಕೂರಿಸಿದೆ. ಅದರ ಎದುರಿಗೆ ಮೂರು ಮೀಟರ್ ದೂರದಲ್ಲಿ ಪಕ್ಕದ ಮನೆಯ ಮೀಟರ್ ಗುಂಡಿ. ಈ ದೂರವನ್ನು ಅಂದಾಜಿಗೆ ಆರಿಸಿದ್ದಲ್ಲ. ಅಪರಿಚಿತನೊಬ್ಬನನ್ನು ಚಿತ್ರದಿಂದ ಗುರುತಿಸಬೇಕಾದರೆ ಅವನು ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ ಕನಿಷ್ಠ 250 ಪಿಕ್ಸೆಲ್, ಅಂದರೆ ಚಿತ್ರದ ಚುಕ್ಕಿ, ಇರಬೇಕೆಂಬುದು ಈ ಕ್ಷೇತ್ರದವರು ಒಪ್ಪಿಕೊಂಡ ಮಾನದಂಡ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. ಅಂದರೆ ಏಳೂವರೆ ಮೀಟರಿಗಿಂತ ಹೆಚ್ಚು ಅಗಲದ ದೃಶ್ಯ ಹಿಡಿಯಲು ಹೋದರೆ ಮುಖ ಕರಗುತ್ತದೆ. ನಾನು ಹಾಕಿದ 4 ಮಿಲಿಮೀಟರ್ ಲೆನ್ಸ್‌ಗೆ ಮೂರು ಮೀಟರ್ ದೂರದಲ್ಲಿ ಸುಮಾರು ನಾಲ್ಕು ಮೀಟರ್ ಅಗಲ ಕಾಣುತ್ತದೆ, ಮೀಟರಿಗೆ 480 ಪಿಕ್ಸೆಲ್ ಸಿಗುತ್ತದೆ. ಇಡೀ ಬೀದಿ ಕಾಣಲಿ ಎಂದು ಅಗಲದ ಲೆನ್ಸ್ ಹಾಕಿಸುವವರು ಬಹಳ. ಇಡೀ ಬೀದಿ ಕಂಡರೆ ಯಾರ ಮುಖವೂ ಕಾಣುವುದಿಲ್ಲ.

ರಾತ್ರಿಯ ಬೆಳಕು ದೊಡ್ಡ ತಲೆನೋವು. ಸಾಮಾನ್ಯ ಕ್ಯಾಮೆರಾದ ಇನ್‌ಫ್ರಾರೆಡ್ (ಅತಿಗೆಂಪು) ದೀಪಗಳ ಬೆಳಕಿನ ತರಂಗಾಂತರ 850 ನ್ಯಾನೋಮೀಟರ್. ಕತ್ತಲಲ್ಲಿ ಹತ್ತಿರದಿಂದ ನೋಡಿದರೆ ಮಂಕು ಕೆಂಪು ಚುಕ್ಕಿಗಳಾಗಿ ಕಾಣುತ್ತವೆ. ಡಬ್ಬಿಯೊಳಗೆ ಕೆಂಡದಂತೆ ಹೊಳೆದರೆ ಗುಟ್ಟು ರಟ್ಟು. ಅದೂ ಅಲ್ಲದೆ, ತೂತಿನ ಅಂಚಿಗೋ ಮುಂದಿನ ಗಾಜಿಗೋ ಆ ಬೆಳಕು ಬಡಿದು ವಾಪಸು ಬಂದರೆ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಕ್ಯಾಮೆರಾದ ಸ್ವಂತ ದೀಪ ಆರಿಸಿ, ಕಣ್ಣಿಗೆ ಕಾಣದ 940 ನ್ಯಾನೋಮೀಟರಿನ ದೀಪವನ್ನು ಬೇರೆಯಾಗಿ, ದಾಸವಾಳದ ಕುಂಡಗಳ ನಡುವೆ ಇಟ್ಟೆ. ಈ ಬೆಳಕಿಗೆ ಕ್ಯಾಮೆರಾದ ಸ್ಪಂದನೆ ಕಡಿಮೆ, ದೂರ ಹೋಗುವುದಿಲ್ಲ. ಮೂರು ಮೀಟರಿಗೆ ಧಾರಾಳ ಸಾಕು. ದೀಪದ ಮುಂದೆ ಜೇಡ ಬಲೆ ಕಟ್ಟದಂತೆ ಸಂಜೆ ಒಮ್ಮೆ ಬಟ್ಟೆಯಲ್ಲಿ ಒರೆಸುವುದನ್ನು ರೂಢಿ ಮಾಡಿಕೊಳ್ಳಬೇಕು; ಒಂದು ಎಳೆ ಬಲೆ ಅಲ್ಲಾಡಿದರೂ ರಾತ್ರಿಯಿಡೀ ಚಿತ್ರದ ಮೇಲೆ ಬಿಳಿ ಹಗ್ಗ ಕುಣಿಯುತ್ತದೆ.

ಇನ್‌ಫ್ರಾರೆಡ್ ಬೆಳಕಿನಲ್ಲಿ ಬಟ್ಟೆಯ ಬಣ್ಣ ನಂಬಬಾರದು, ಇದನ್ನು ಒತ್ತಿ ಹೇಳುತ್ತೇನೆ. ಅನೇಕ ಬಗೆಯ ಕಪ್ಪು ಬಟ್ಟೆಗಳು ಅದರಲ್ಲಿ ತಿಳಿ ಬೂದಿ, ಬಿಳಿ ಆಗಿ ಕಾಣುತ್ತವೆ. "ಬಿಳಿ ಅಂಗಿಯವನು" ಎಂದು ದೂರಿನಲ್ಲಿ ಬರೆದುಕೊಟ್ಟರೆ ಬಿಳಿ ಅಂಗಿ ತೊಟ್ಟ ಯಾವನೋ ಪಾಪದವನಿಗೆ ತೊಂದರೆ.

ಕರೆಂಟು ಹೋದರೂ ನಡೆಯಲೆಂದು 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಜೋಡಿಸಿದೆ. ಐದು ವ್ಯಾಟ್ ಎಳೆಯುವ ಕ್ಯಾಮೆರಾಗೆ ಅದು ರಾತ್ರಿಯಿಡೀ ಬರುತ್ತದೆ. ರೆಕಾರ್ಡಿಂಗ್ ಒಳಗಿನ ಮೆಮೊರಿ ಕಾರ್ಡಿಗೆ. ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿದೆ. ಬೀದಿಯ ಹಳೆಯ ಕ್ಯಾಮೆರಾಗಳ ಡಿವಿಆರ್‌ಗಳಲ್ಲಿ, ಅಂದರೆ ರೆಕಾರ್ಡಿಂಗ್ ಪೆಟ್ಟಿಗೆಗಳಲ್ಲಿ, ಒಂದೊಂದರ ಗಡಿಯಾರ ಒಂದೊಂದು ಹೊತ್ತು ತೋರಿಸುತ್ತಿತ್ತು, ಅಂಥದ್ದನ್ನು ನ್ಯಾಯಾಲಯದಲ್ಲಿ ಎದುರು ವಕೀಲರು ಸುಮ್ಮನೆ ಬಿಡುತ್ತಾರೆಯೇ?

ಬೀದಿಯ ತುದಿಯ ಕಾಂಪೌಂಡಿನಲ್ಲಿ ಇನ್ನೊಂದು ಕ್ಯಾಮೆರಾ ಇಟ್ಟಿದ್ದು ಗಾಡಿ ನಂಬರಿಗೆ. ಹೊಸ ಹೈ ಸೆಕ್ಯುರಿಟಿ ಪ್ಲೇಟುಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. ಕ್ಯಾಮೆರಾ ತಾನಾಗಿ ಬೆಳಕು ಹೊಂದಿಸಿಕೊಂಡರೆ ಪ್ಲೇಟು ಬರೀ ಬಿಳಿ ಪಟ್ಟಿ. ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ ಕಟ್ಟಿಹಾಕಿದೆ. ಆಗ ರಸ್ತೆ, ಸವಾರ ಎಲ್ಲ ಕತ್ತಲು, ಅಕ್ಷರಗಳು ಮಾತ್ರ ಸ್ಪಷ್ಟ. ಒಂದೇ ಕ್ಯಾಮೆರಾದಿಂದ ಮುಖವನ್ನೂ ನಂಬರನ್ನೂ ಕೇಳಬಾರದು.

ಇಷ್ಟೆಲ್ಲ ಮಾಡುವ ಮುಂಚೆ ಮಾಡಿದ್ದು ಮನೆಮನೆಗೆ ಹೋಗಿ ಮಾತಾಡುವ ಕೆಲಸ. ಅಡಗಿಸಿದ ಕ್ಯಾಮೆರಾ ಎಂದ ತಕ್ಷಣ ಹೆಣ್ಣುಮಕ್ಕಳಿಗೆ ದಿಗಿಲಾಗುತ್ತದೆ, ಆಗಬೇಕಾದದ್ದೇ. ಎದುರು ಮನೆಯ ಅಜ್ಜಿ ನೇರವಾಗಿ ಕೇಳಿದರು: "ಏನ್ ಮೇಷ್ಟ್ರೇ, ನಮ್ಮನೆ ಬಾಗ್ಲು ಕಾಣ್ಸುತ್ತಾ ಅದ್ರಲ್ಲಿ?" "ಕಾಣಲ್ಲಮ್ಮ, ಬನ್ನಿ ನೀವೇ ನೋಡಿ" ಎಂದು ಫೋನಿನಲ್ಲಿ ತೋರಿಸಿದೆ. ಅವರ ಕಿಟಕಿಯ ಒಂದು ಮೂಲೆ ಚೌಕಟ್ಟಿನೊಳಗೆ ಬರುತ್ತಿತ್ತು. ಕ್ಯಾಮೆರಾದಲ್ಲೇ ಇರುವ ಪ್ರೈವೆಸಿ ಮಾಸ್ಕ್‌ನಿಂದ ಆ ಭಾಗವನ್ನು ಅವರೆದುರೇ ಕಪ್ಪಾಗಿಸಿದೆ. ಧ್ವನಿ ರೆಕಾರ್ಡಿಂಗ್ ಬಂದ್ ಮಾಡಿದೆ, ನೆರೆಯವರು ಗೇಟಿನ ಹತ್ತಿರ ಆಡುವ ಮಾತು ನನಗೆ ಯಾಕೆ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು. ಹೆಣ್ಣುಮಕ್ಕಳ ಖಾಸಗಿ ಕ್ಷಣಗಳನ್ನು ಕದ್ದು ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಜೈಲು ಕಾಣಿಸುವ ಅಪರಾಧ. ಕಳ್ಳನನ್ನು ಹುಡುಕುವ ನೆಪಕ್ಕೆ ಇದರಿಂದ ವಿನಾಯಿತಿ ಇಲ್ಲ. ಬೀಟ್ ಪೊಲೀಸರಿಗೂ ಮೊದಲೇ ತಿಳಿಸಿದೆ.

ಹಲವು ನಸುಕುಗಳು ಬರೀ ನಾಯಿ, ಹಾಲಿನ ಗಾಡಿ, ವಾಕಿಂಗ್ ಹೋಗುವವರ ಚಿತ್ರಗಳಲ್ಲೇ ಕಳೆದವು. ಆ ಚಿತ್ರಗಳಿಗೂ ಬೆಲೆ ಇತ್ತು. ಪೇಪರ್ ಹುಡುಗ ಸೈಕಲ್ ನಿಲ್ಲಿಸದೆ ಪೇಪರ್ ಎಸೆದು ಮುಂದೆ ಹೋಗುವುದು ದಿನಾ ಕಾಣುತ್ತಿತ್ತು. ಅವನು ಬಂದುಹೋದ ಎಷ್ಟೋ ಹೊತ್ತಿನ ಮೇಲೂ ಮೀಟರ್ ಜಾಗದಲ್ಲೇ ಇರುತ್ತಿತ್ತು. ಅನುಮಾನ ಪಟ್ಟವರನ್ನು ಮನೆಗೆ ಕರೆದು ತೋರಿಸಿದೆ. ಅವನ ಮೇಲಿನ ಮಾತು ಅಂದಿಗೆ ನಿಂತಿತು.

ಕೊನೆಗೆ ಬಂದವನ ಕೈಯಲ್ಲಿದ್ದದ್ದು ಹೂವಿನ ಚೀಲ. ನಮ್ಮ ಕಡೆ ನಸುಕಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕಾಂಪೌಂಡಿನಾಚೆ ಬಾಗಿದ ಕೊಂಬೆಗಳಿಂದ ಪೂಜೆಗೆ ಹೂ ಕೊಯ್ಯುವವರು ಬೇಕಾದಷ್ಟು ಜನ. ಗೇಟಿನ ಪಕ್ಕ ನಿಂತವನ ಕೈಲಿ ಹೂವಿನ ಚೀಲವಿದ್ದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಅವನು ನಾಲ್ಕು ಕಣಗಿಲೆ ಹೂ ಕಿತ್ತ, ಕೂತ, ಕಲ್ಲು ಸರಿಸಿದ, ಚೀಲದಿಂದ ರಿಂಚು ತೆಗೆದ. ಸಜ್ಜೆಯ ಕ್ಯಾಮೆರಾಗೆ ಎಂದಿನಂತೆ ಬೆನ್ನು. ಹಾಗೆ ಬೆನ್ನು ಕೊಟ್ಟಾಗ ಮುಖ ಅಂಚೆ ಡಬ್ಬಿಯ ಕಡೆ. ನಾಯಿ ಬೊಗಳಿದ್ದಕ್ಕೆ ತಲೆಯೆತ್ತಿ ನೋಡಿದ ಗಳಿಗೆಯಲ್ಲಿ ಹುಬ್ಬಿನ ಮೇಲಿನ ಗಾಯದ ಗುರುತೂ ಸ್ಪಷ್ಟವಾಗಿ ಬಂತು. ಬೀದಿಯ ತುದಿಯಲ್ಲಿ ಸ್ಕೂಟರ್ ಇಟ್ಟುಕೊಂಡು ಇನ್ನೊಬ್ಬ ಕಾಯುತ್ತಿದ್ದ.

ನಾನಾಗ ಎಚ್ಚರವಾಗಿಯೇ ಇದ್ದೆ, ಫೋನಿನಲ್ಲಿ ನೋಡುತ್ತಿದ್ದೆ. 112ಕ್ಕೆ ಕರೆ ಮಾಡಿದೆ, ಹೊರಗೆ ಹೋಗಲಿಲ್ಲ. ಕೈಯಲ್ಲಿ ಕಬ್ಬಿಣದ ರಿಂಚು ಇರುವವನ ಎದುರು ಹೋಗುವುದು ಶೌರ್ಯವಲ್ಲ. ಪೊಲೀಸರು ಬರುವಷ್ಟರಲ್ಲಿ ಇಬ್ಬರೂ ಹೋಗಿದ್ದರು.

ಬೆಳಗ್ಗೆ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಒತ್ತಾಯ, ವಿಡಿಯೋ ಹಾಕಿ, ಊರಿಗೆಲ್ಲ ಹಂಚೋಣ. ನಾನು ಹಾಕಲಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತು. ಮೀಟರ್ ಕದ್ದವನನ್ನು, ಅಥವಾ ಅವನ ಹೋಲಿಕೆಯ ಇನ್ಯಾರನ್ನೋ ಗುಂಪಿನ ಕೈಗೆ ಕೊಡಲು ನಾನು ಕ್ಯಾಮೆರಾ ಇಟ್ಟಿರಲಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ವಿಡಿಯೋ ಕುಗ್ಗಿ, ಮುಖದ ವಿವರ ಹಾಳಾಗುತ್ತದೆ. ಕಳ್ಳನಿಗೂ ಸುದ್ದಿ ಮುಟ್ಟುತ್ತದೆ.

ಮೊದಲು ರೆಕಾರ್ಡಿಂಗ್ ನಿಲ್ಲಿಸಿ ಮೆಮೊರಿ ಕಾರ್ಡ್ ಹೊರತೆಗೆದೆ, ಇಲ್ಲದಿದ್ದರೆ ಜಾಗ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತದೆ. ಫೈಲನ್ನು ಮೂಲ ರೂಪದಲ್ಲೇ ನಕಲಿಸಿದೆ. ಪರದೆಯನ್ನು ಫೋನಿನಲ್ಲಿ ಚಿತ್ರೀಕರಿಸಿ ಕೊಡುವ ಪದ್ಧತಿ ಯಾತಕ್ಕೂ ಬಾರದು. ಫೈಲಿನ ಶಾ-256 ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಸಂಕೇತ, ತೆಗೆದು ಬರೆದಿಟ್ಟೆ. ಒಂದು ಬಿಟ್ ಬದಲಾದರೂ ಆ ಹ್ಯಾಶ್ ಬದಲಾಗುತ್ತದೆ, ತಿದ್ದಿಲ್ಲ ಎಂದು ತೋರಿಸಲು ಅದೇ ಸಾಕ್ಷಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ನಕಲಿನ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಸಾಧನದ ಉಸ್ತುವಾರಿ ಹೊತ್ತವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಹ್ಯಾಶ್ ನಮೂದಿಸಲು ಅದರಲ್ಲೇ ಜಾಗವಿದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು 65ಬಿ ಕಲಂ ಆಗಿತ್ತು. ನನ್ನ ಪಾಲಿನದನ್ನು ನಾನು ತುಂಬಿಕೊಟ್ಟೆ. ಮೆಮೊರಿ ಕಾರ್ಡನ್ನು ಪೊಲೀಸರು ಮಹಜರು ಮಾಡಿ ವಶಕ್ಕೆ ತೆಗೆದುಕೊಂಡರು.

ಗಾಡಿ ನಂಬರಿನಿಂದ ಒಬ್ಬ, ಮುಖದಿಂದ ಇನ್ನೊಬ್ಬ, ಇಬ್ಬರೂ ಸಿಕ್ಕಿದರು. ಮಾಲು ಕೊಂಡ ಗುಜರಿ ಅಂಗಡಿಯಲ್ಲಿ ಹಿತ್ತಾಳೆಯ ರಾಶಿ ಸಿಕ್ಕಿತು. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ನ್ಯಾಯ ಸಂಹಿತೆಯ 317ನೇ ಕಲಂ ಅಪರಾಧ. ನನ್ನ ದೃಷ್ಟಿಯಲ್ಲಿ ಪ್ರಕರಣದ ಬೇರು ಅಲ್ಲೇ ಇತ್ತು. ಸ್ಕೂಟರಿನವನು ಇನ್ನೂ ಎಳೆಯ ವಯಸ್ಸಿನವನು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲನ್ನು ಕದ್ದು ಮೊದಲ ಬಾರಿಗೆ ಶಿಕ್ಷೆಗೊಳಗಾದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ ಕೊಡಬೇಕೆಂದು ಹೊಸ ಕಾನೂನಿನಲ್ಲಿದೆ. ಅವನಿಗೆ ಅದು ಅನ್ವಯವಾಗಲಿ ಎಂದು ನನ್ನ ಆಸೆ.

ಅಂಚೆ ಡಬ್ಬಿಯ ಕ್ಯಾಮೆರಾವನ್ನು ಆಮೇಲೆ ತೆಗೆದುಬಿಟ್ಟೆ. ಕೆಲಸ ಮುಗಿದ ಮೇಲೂ ಗುಟ್ಟಾಗಿ ನೋಡುತ್ತಿರಲು ನೆರೆಯವರು ನನಗೆ ಒಪ್ಪಿಗೆ ಕೊಟ್ಟಿರಲಿಲ್ಲ. ಈಗ ಬೀದಿಯ ಎರಡೂ ತುದಿಯಲ್ಲಿ ಎಲ್ಲರಿಗೂ ಕಾಣುವ ಕ್ಯಾಮೆರಾಗಳಿವೆ, ಕೆಳಗೆ ಕನ್ನಡದಲ್ಲಿ ಫಲಕವಿದೆ. ಮೀಟರ್ ಗುಂಡಿಗಳಿಗೆ ವೆಲ್ಡಿಂಗ್ ಅಂಗಡಿಯವರಿಂದ ಕಬ್ಬಿಣದ ಜಾಲರಿ ಮಾಡಿಸಿ ಬೀಗ ಹಾಕಿದ್ದೇವೆ. ರೀಡಿಂಗ್ ನೋಡಲು ಬರುವವರಿಗೆ ಅಂಕಿ ಕಾಣುವಂತೆ ಜಾಲರಿಯಲ್ಲಿ ಅಂಗೈಯಗಲದ ಕಿಂಡಿ ಬಿಡಿಸಿದ್ದೇವೆ.