ಮಂಡಿಯ ಶೀಟ್: ಯಾರ ಕೈಗೆ ಎಷ್ಟು?

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿ. ಹೊರಗೆ ಮೆಕ್ಕೆಜೋಳದ ರಾಶಿ, ಒಳಗೆ ತಲೆ ಮೇಲೆ ಕೈ ಹೊತ್ತ ಗುಮಾಸ್ತರು. ಗೂಗಲ್ ಶೀಟಿನಲ್ಲಿ ಯಾರೋ ರೈತರ ಹೆಸರಿನ ಕಾಲಂ ಒಂದನ್ನೇ ಹಿಡಿದು ಸಾರ್ಟ್ ಮಾಡಿದ್ದರು, ಅಂದರೆ ಅಕ್ಷರ ಕ್ರಮಕ್ಕೆ ಜೋಡಿಸಿದ್ದರು. ಹೆಸರುಗಳು ಅದಲುಬದಲಾದವು, ತೂಕ ಇದ್ದಲ್ಲೇ ಉಳಿಯಿತು. 42 ಕ್ವಿಂಟಲ್ ತಂದವರ ಮುಂದೆ 7 ಕ್ವಿಂಟಲ್! ಆ ಶೀಟ್ ತಿದ್ದುವ ಅಧಿಕಾರ 9 ಜನರಿಗಿತ್ತು.

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ ತಗೊಳ್ಳಿ. ಯಾರು ತೂಕ ಬರೆಯುತ್ತಾರೆ, ಯಾರು ಲೆಕ್ಕ ತಾಳೆ ನೋಡುತ್ತಾರೆ, ಯಾರು ಸುಮ್ನೆ ನೋಡಿದರೆ ಸಾಕು ಅಂತ ಬರೆದುಕೊಳ್ಳಿ. ತಿದ್ದುವವರು ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಇರುತ್ತಾರೆ.

ಈಗ ‘ಶೇರ್’ ಒತ್ತಿ. ‘ಎನಿವನ್ ವಿತ್ ದ ಲಿಂಕ್’ ಅಂತಿದ್ದರೆ ‘ರಿಸ್ಟ್ರಿಕ್ಟೆಡ್’ ಮಾಡಿ. ವಾಟ್ಸಾಪ್ ಗ್ರೂಪಿಗೆ ಹೋದ ಲಿಂಕ್ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು, ಅಲ್ವಾ? ಒಬ್ಬೊಬ್ಬರ ಇಮೇಲ್ ಹಾಕಿ, ನೋಡುವವರಿಗೆ ‘ವ್ಯೂವರ್’, ಪ್ರಶ್ನೆ ಕೇಳುವವರಿಗೆ ‘ಕಮೆಂಟರ್’, ಬರೆಯುವವರಿಗೆ ಮಾತ್ರ ‘ಎಡಿಟರ್’ ಕೊಡಿ. ಅಲ್ಲೇ ಇರುವ ಗೇರ್ ಗುರುತು ಒತ್ತಿ, ಎಡಿಟರ್‌ಗಳು ಬೇರೆಯವರಿಗೆ ಶೇರ್ ಮಾಡಬಹುದೆಂಬ ಟಿಕ್ ತೆಗೆಯಿರಿ.

ಎಡಿಟರ್‌ಗೂ ಇಡೀ ಶೀಟ್ ಬೇಕಿಲ್ಲ. ‘ಡೇಟಾ’ ಮೆನುವಿನ ‘ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್’ನಲ್ಲಿ ಧಾರಣೆ, ಕಮಿಷನ್ ಕಾಲಂಗಳಿಗೆ ಬೀಗ ಹಾಕಿ. ಹಾಗೆ ಮಾಡಿದರೆ ತಿದ್ದಲು ಆಗುವುದಿಲ್ಲ, ಆದರೆ ಓದಲು ಆಗುತ್ತದೆ. ಶೀಟನ್ನು ‘ಹೈಡ್’ ಮಾಡಿದರೂ ಅಷ್ಟೆ, ಎಡಿಟರ್ ಅದನ್ನು ಮತ್ತೆ ತೆರೆಯಬಲ್ಲ. ರೈತರ ಬ್ಯಾಂಕ್ ಖಾತೆ ನಂಬರ್ ಬೇರೆ ಫೈಲಿನಲ್ಲೇ ಇರಲಿ.

ಅವತ್ತು ಕೈಹಿಡಿದದ್ದು ‘ವರ್ಷನ್ ಹಿಸ್ಟರಿ’. ‘ಫೈಲ್’ ಮೆನುವಿನಲ್ಲಿದೆ. ಯಾವ ಹೊತ್ತಿಗೆ ಯಾರು ತಿದ್ದಿದರೆಂದು ಬಣ್ಣದಲ್ಲಿ ತೋರಿಸುತ್ತದೆ. ಆಮೇಲೂ ಹೊಸ ಲಾಟ್‌ಗಳನ್ನು ತುಂಬಿದ್ದರಿಂದ ಸೀದಾ ‘ರಿಸ್ಟೋರ್’ ಒತ್ತುವಂತಿರಲಿಲ್ಲ. ಒತ್ತಿದ್ದರೆ ಅವೂ ಹೋಗುತ್ತಿದ್ದವು. ಹಳೇ ವರ್ಷನ್ನಿನ ಕಾಪಿ ಮಾಡಿ, ಅದರಿಂದ ಹೆಸರಿನ ಕಾಲಂ ಮಾತ್ರ ತಂದು ಅಂಟಿಸಿದೆವು.

ಮಾಹಿತಿ ಜೋಡಿಸಿಡಲೆಂದೇ ಮಾಡಿದ ನಿಜವಾದ ಡೇಟಾಬೇಸಿನಲ್ಲಿ ಈ ಎಡವಟ್ಟು ಆಗುವುದಿಲ್ಲ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಹಾಕಿಕೊಟ್ಟ ದಾರಿಯಲ್ಲಿ ಒಂದು ಸಾಲೆಂದರೆ ಒಂದು ಗಂಟು. ಹೆಸರು, ತೂಕ, ಹಣ ಬಿಡಿಬಿಡಿಯಾಗಿ ಓಡಾಡುವುದಿಲ್ಲ. ಅಲ್ಲಿ ಅಧಿಕಾರ ಹಂಚುವುದಕ್ಕೂ ಆಜ್ಞೆಗಳಿವೆ: ‘ಗ್ರಾಂಟ್’ ಅಂದರೆ ಅಧಿಕಾರ ಕೊಟ್ಟಂತೆ, ‘ರಿವೋಕ್’ ಅಂದರೆ ಕಿತ್ತುಕೊಂಡಂತೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸಿನಲ್ಲಿ ಹರಿಹರದ ಬ್ರಾಂಚಿನವರಿಗೆ ಹರಿಹರದ ಸಾಲುಗಳಷ್ಟೇ ಕಾಣುವಂತೆಯೂ ಮಾಡಬಹುದು. ಎರಡು-ಮೂರು ಬ್ರಾಂಚ್ ಆದ ಮೇಲೆ ಅದರ ಖರ್ಚು ಜಾಸ್ತಿ ಅನ್ನಿಸುವುದಿಲ್ಲ. ಒಂದೇ ಅಂಗಡಿಗೆ ಶೀಟೇ ಸಾಕು.

ಸುಗ್ಗಿ ಮುಗಿದ ಮೇಲೆ ‘ಶೇರ್’ ಪಟ್ಟಿ ಮತ್ತೊಮ್ಮೆ ತೆಗೆದು ನೋಡಿ, ಬೇಡದ ಹೆಸರು ಅಳಿಸಿ. ಆ ಅಂಗಡಿಯ 9 ಜನರಲ್ಲಿ ಇಬ್ಬರು ಕೆಲಸ ಬಿಟ್ಟೇ ವರ್ಷವಾಗಿತ್ತು.